ಕೆನೆಬಣ್ಣವೋ ತಿಳಿಬೂದೋ: ಉತ್ತರದ ಕೋಣೆಯಲ್ಲಿ ನನ್ನ ಅನುಭವ

ತೀರ್ಥಹಳ್ಳಿ ಕಡೆಯ ನಮ್ಮ ಹಳೆಯ ಮನೆಯ ಉತ್ತರದ ಕೋಣೆಗೆ ಯಾವ ಬಣ್ಣವೆಂಬುದನ್ನು ಹಲಗೆಗಳ ಮೇಲೆ ಬಳಿದು ನೋಡಿಯೇ ತೀರ್ಮಾನಿಸುತ್ತೇನೆ ಎಂದಾಗ ಬಣ್ಣದ ಮೇಸ್ತ್ರಿ ನಕ್ಕರು. ಶೇಡ್ ಕಾರ್ಡ್ ಇರುವುದೇತಕ್ಕೆ ಎಂದು ಮನೆಯವರೂ ಅವರ ಪಕ್ಷವನ್ನೇ ವಹಿಸಿದರು. ಈಗ ಗೋಡೆ ಒಣಗಿದೆ, ಹಲಗೆಯಲ್ಲಿ ಕಂಡದ್ದೇ ಗೋಡೆಯಲ್ಲಿಯೂ ಬಂದಿದೆ.

ಮೊದಲು ಎರಡೂ ಬಣ್ಣಗಳನ್ನು ಹಳೆಯ ನೀಲಿ ಗೋಡೆಯ ಮೇಲೆಯೇ ಬಳಿಸಿದ್ದೆ. ನೀಲಿಯ ನಡುವೆ ಕೆನೆಬಣ್ಣವು ಅರಿಸಿನದಂತೆ ಉಕ್ಕಿ ಕಂಡಿತು, ಬೂದು ಮಾಸಿದ ಬಿಳಿಯಾಯಿತು. ಮಾದರಿ ಡಬ್ಬಿಗಳಿಗೆ ಕೊಟ್ಟ ಐನೂರು ಆರುನೂರು ರೂಪಾಯಿ ನೀರಿಗೆ ಹೋಯಿತು. ಡ್ರಾಯಿಂಗ್ ಶೀಟಿನ ಮೇಲೆ ಬಳಿದದ್ದು ಮಳೆಗಾಲದ ತೇವಕ್ಕೆ ಸುರುಳಿ ಸುತ್ತಿತು. ಕೊನೆಗೆ ಬಣ್ಣಕ್ಕೆರಡರಂತೆ, ಸುಮಾರು ಎರಡಡಿ ಚೌಕದ ಪ್ಲೈವುಡ್ ತುಂಡುಗಳಿಗೆ ಪ್ರೈಮರ್ ಹೊಡೆದು, ಸುತ್ತಲೂ ಬಿಳಿಯ ಅಂಚು ಬಿಟ್ಟು, ಎರಡು ಕೋಟ್ ಎಮಲ್ಷನ್ ಬಳಿದೆ. ಪ್ಲೈವುಡ್ಡಿನ ಎಳೆ ಮೇಲೆ ಮೂಡದಂತೆ ಪ್ರೈಮರಿಗಿಂತ ಮೊದಲು ಹಚ್ಚಿದ್ದೇನು ಎಂಬುದನ್ನು ಮಾತ್ರ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ಒಂದೇ ಬಣ್ಣದ ಎರಡು ಹಲಗೆಗಳನ್ನು ಕೋಣೆಯ ಮೂಲೆಯಲ್ಲಿ ಒಂದಕ್ಕೊಂದು ಲಂಬವಾಗಿ ಜೋಡಿಸಿ ನಿಲ್ಲಿಸಿದಾಗ ನಿಜವಾದ ವ್ಯತ್ಯಾಸ ತಿಳಿಯಿತು. ಒಂದರ ಬೆಳಕು ಇನ್ನೊಂದರ ಮೇಲೆ ಬಿದ್ದು ಬಣ್ಣ ಗಾಢವಾಗುತ್ತದೆ. ನಾಲ್ಕು ಗೋಡೆಗೆ ಹೊಡೆದ ಮೇಲೆ ಆಗುವುದೂ ಇದೇ, ಕಾರ್ಡಿನಲ್ಲಿ ಕಾಣದಿರುವುದೂ ಇದೇ. ಕಿಟಕಿಯಾಚೆಯ ಅಡಿಕೆ ತೋಟದಿಂದ ಬರುವ ಬೆಳಕಿಗೆ ಬೂದು ಹಗಲೆಲ್ಲ ಪಾಚಿ ಹಿಡಿದಂತಿತ್ತು, ರಾತ್ರಿ ನೀಲಿ ಛಾಯೆಯ ಬಿಳಿ ಬೆಳಕಿನ 6500 ಕೆಲ್ವಿನ್ ಟ್ಯೂಬ್‌ಲೈಟಿನಲ್ಲಿ ಆಸ್ಪತ್ರೆಯ ಗೋಡೆಯೇ ಸರಿ. ಹಳದಿ ಬೆಳಕಿನ 3000 ಕೆಲ್ವಿನ್ ಬಲ್ಬು ಹಾಕಿ ನೋಡಿದಾಗ ಅದು ಸಹ್ಯವಾಯಿತಾದರೂ ಹಗಲಿನ ಪಾಚಿಗೆ ಬಲ್ಬು ಏನು ಮಾಡೀತು? ಕೆನೆಬಣ್ಣವು ಹಗಲಿನ ಬೆಳಕಿನಲ್ಲಿಯೂ ರಾತ್ರಿಯ ದೀಪದಲ್ಲಿಯೂ ನಿಂತಿತು. ಆದರೆ ರೆಡ್ ಆಕ್ಸೈಡ್ ನೆಲದ ಪ್ರತಿಫಲನದಿಂದ ಕೆಳಗಿನ ಒಂದಡಿ ನಸುಗೆಂಪಾಗಿ, ಮೂಲೆಯಲ್ಲಿ ತೀರ ದಟ್ಟವಾಯಿತು.

ಆದ್ದರಿಂದ ಅಂಗಡಿಯಲ್ಲಿ ಅದೇ ಮೂಲ ಪೇಂಟಿಗೆ (ಬೇಸ್) ಬಣ್ಣ ಕೊಡುವ ಸ್ಟೇನರನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿ ಬೆರೆಸಿಕೊಟ್ಟ ತಿಳಿಗೆನೆಯನ್ನು ಆರಿಸಿದೆ. ಹತ್ತು ಹನ್ನೆರಡು ಅಡಿಯ ಕೋಣೆಗೆ ಆರು ಲೀಟರ್ ಆಸುಪಾಸು ಹಿಡಿಯಿತು. ಕೂಲಿ ಸೇರಿ ಒಂಬತ್ತು ಸಾವಿರದೊಳಗೆ ಮುಗಿಯಿತು. ತಪ್ಪು ಬಣ್ಣವಾಗಿ ಮತ್ತೆ ಹೊಡೆಸಿದ್ದರೆ ಅಷ್ಟೇ ಹಣ ಇನ್ನೊಮ್ಮೆ ಬೇಕಿತ್ತು. ಸೋತ ಬೂದಿನ ಹಲಗೆಗಳನ್ನು ದಕ್ಷಿಣದ ಕೋಣೆಯಲ್ಲಿಟ್ಟು ನೋಡಿದೆ: ಬಿಸಿಲು ಬೀಳುವ ಅಲ್ಲಿ ಅದೇ ಬಣ್ಣಕ್ಕೆ ಹಸಿರಿನ ಸುಳಿವೇ ಇಲ್ಲ. ಮಳೆ ಹಿಂದೆಗೆದು ಗೋಡೆಯ ತೇವ ಆರಿದ ಮೇಲೆ ಆ ಕೋಣೆಗೆ ಬೂದನ್ನೇ ಹೊಡೆಸುವುದೆಂದು ನಿಶ್ಚಯಿಸಿದ್ದೇನೆ.