ವರ್ಷದ ಅಕ್ಕಿ ಕೊಳ್ಳುವಾಗ ಕಣ್ಣೂ ಮನಸ್ಸೂ ಮೋಸಹೋಗದಂತೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿ ಸೀಮೆಯಲ್ಲಿ ಸೋನಾಮಸೂರಿಗೆ ಕೊರತೆಯಿಲ್ಲ. ಕೊಳ್ಳುವವರಿಗೆ ತೊಡಕಾಗುವುದು ಆಯ್ಕೆ. ಒಂದೇ ಅಕ್ಕಿ ಒಂದು ಅಂಗಡಿಯಲ್ಲಿ ಬೆಳ್ಳಗೂ ಇನ್ನೊಂದರಲ್ಲಿ ಮಾಸಲಾಗಿಯೂ ಕಾಣಬಹುದು. ಕಣ್ಣಾಗಲಿ ಮನಸ್ಸಾಗಲಿ ವಸ್ತುವನ್ನು ಪಕ್ಕದಲ್ಲಿರುವುದಕ್ಕೆ ಹೋಲಿಸಿಯೇ ಅಳೆಯುತ್ತವೆ. ಎಚ್ಚರದಿಂದಿದ್ದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಆದರೆ ಈ ಗುಣ ಎಚ್ಚರಿಕೆಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲವಾದ್ದರಿಂದ, ಪಕ್ಕದಲ್ಲಿರುವುದನ್ನೇ ಬದಲಾಯಿಸುವುದು ಮೇಲು.

ಮೊದಲು ಬಣ್ಣದ ವಿಚಾರ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಕಳೆಗುಂದಿ ಕಾಣುತ್ತದೆಂಬ ದೂರು ಬಂದಾಗ, ಅಲ್ಲಿನ ರಸಾಯನ ವಿಜ್ಞಾನಿ ಷೆವ್ರೆಲ್ ಪರೀಕ್ಷಿಸಿ, ದೋಷವಿರುವುದು ಬಣ್ಣದಲ್ಲಲ್ಲ, ಅದರ ಪಕ್ಕಕ್ಕೆ ನೇಯ್ದ ಬೇರೆ ಬಣ್ಣದ ನೂಲಿನಲ್ಲಿ ಎಂದು ಕಂಡುಕೊಂಡು, 1839ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು. ಅಂಗಡಿಯಲ್ಲಿಯೂ ಇದೇ ನಡೆಯುತ್ತದೆ: ಕಡುಬಣ್ಣದ ತಟ್ಟೆಯ ಮೇಲೆ, ಮಾಸಲು ನುಚ್ಚಿನ ಪಕ್ಕದಲ್ಲಿ ಸಾಧಾರಣ ಅಕ್ಕಿಯೂ ಮಲ್ಲಿಗೆಯಂತೆ ಕಾಣುತ್ತದೆ. ಆದ್ದರಿಂದ ಮನೆಯಲ್ಲಿ ಉಣ್ಣುತ್ತಿರುವ, ನಿಮಗೆ ಒಪ್ಪಿಗೆಯಾದ ಅಕ್ಕಿಯನ್ನು ಒಂದು ಹಿಡಿ ಪೊಟ್ಟಣ ಕಟ್ಟಿಕೊಂಡು ಹೋಗಿರಿ. ಮಾದರಿಯನ್ನು ಟ್ಯೂಬ್‌ಲೈಟಿನ ಕೆಳಗೆ ನೋಡದೆ ಬಾಗಿಲ ಬಳಿ ಹಗಲ ಬೆಳಕಿಗೆ ತಂದು, ಬಿಳಿ ಕಾಗದದ ಮೇಲೆ ಹರಡಿ, ಪಕ್ಕದಲ್ಲಿ ನಿಮ್ಮ ಹಿಡಿಯನ್ನು ಸುರಿದು ನೋಡಿರಿ; ನುಚ್ಚು ಎಷ್ಟಿದೆ, ಕಾಳಿನ ನಡುವೆ ಸುಣ್ಣದಂಥ ಬಿಳಿ ಮಚ್ಚೆ ಇದೆಯೇ ಎಂಬುದೂ ಆಗಲೇ ತಿಳಿಯುತ್ತದೆ. ನಾಲ್ಕಾರು ಮಾದರಿ ನೋಡಿದ ಮೇಲೆ ಮೊದಲನೆಯದಕ್ಕೆ ಮರಳಿ ಬನ್ನಿರಿ, ಏಕೆಂದರೆ ಕಳಪೆಯ ನಂತರ ಬಂದದ್ದು ತನ್ನ ಯೋಗ್ಯತೆಗಿಂತ ಹೆಚ್ಚು ಚೆನ್ನಾಗಿ ಕಂಡಿರುತ್ತದೆ.

ದರದ ವಿಷಯ ಇದಕ್ಕಿಂತ ನವಿರಾದದ್ದು. ಮನೋವಿಜ್ಞಾನಿಗಳಾದ ಟ್ವರ್ಸ್ಕಿ ಮತ್ತು ಕಾನಮನ್ 1974ರಲ್ಲಿ ವಿವರಿಸಿದ ಪ್ರಯೋಗದಲ್ಲಿ ಜನರ ಮುಂದೆ ಅಂಕಿಗಳ ಚಕ್ರವನ್ನು ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳಲಾಯಿತು. ಚಕ್ರ 10ಕ್ಕೆ ನಿಂತವರ ಅಂದಾಜಿನ ಮಧ್ಯಾಂಕ 25, 65ಕ್ಕೆ ನಿಂತವರದು 45. ಸಂಬಂಧವೇ ಇಲ್ಲದ ಅಂಕಿ ಇಷ್ಟು ಎಳೆದರೆ, ವ್ಯಾಪಾರಿ ಬಾಯಿಬಿಟ್ಟು ಹೇಳಿದ ಮೊದಲ ದರ ಎಷ್ಟು ಎಳೆಯಬೇಡ? ಮನೆಯಿಂದ ಹೊರಡುವ ಮುನ್ನವೇ ಎರಡು ಮೂರು ಕಡೆ ಫೋನಿನಲ್ಲಿ ವಿಚಾರಿಸಿ, ಕಿಲೋಗೆ ಇಷ್ಟರ ಮೇಲೆ ಕೊಡುವುದಿಲ್ಲ ಎಂಬ ಅಂಕಿಯನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಚೌಕಾಸಿ ಮಾಡುವಾಗ ಅವರು ಹೇಳಿದ್ದರಲ್ಲಿ ಎಷ್ಟು ಬಿಡುತ್ತಾರೆಂದು ಕೇಳದೆ, ಚೀಟಿಯ ಅಂಕಿಯಿಂದಲೇ ಮಾತು ಆರಂಭಿಸಿರಿ.

ಮೊತ್ತ ದೊಡ್ಡದಾದಷ್ಟೂ ಸಣ್ಣ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಬಸ್ ನಿಲ್ದಾಣದಲ್ಲಿ ಆಟೋದವರೊಡನೆ 20 ರೂಪಾಯಿಗೆ ವಾದಿಸುವವರೇ 25 ಕಿಲೋದ ನಾಲ್ಕು ಚೀಲಕ್ಕೆ ಕಿಲೋಗೆ 2 ರೂಪಾಯಿ ಹೆಚ್ಚು ಕೊಟ್ಟು, 200 ರೂಪಾಯಿಯನ್ನು ಸುಮ್ಮನೆ ಬಿಟ್ಟು ಬರುತ್ತಾರೆ. ಚೀಲದ ಲೆಕ್ಕದಲ್ಲಿ ಹೇಳಿದ ದರವನ್ನು ಕಿಲೋ ಲೆಕ್ಕಕ್ಕೂ, ಕಿಲೋ ಲೆಕ್ಕದ ವ್ಯತ್ಯಾಸವನ್ನು ಒಟ್ಟು ಮೊತ್ತಕ್ಕೂ ತಿರುಗಿಸಿ ನೋಡಿರಿ.

ಜೊತೆಗೆ ಬಂದವರ ಅಭಿಪ್ರಾಯ ಬೇಕಿದ್ದರೆ, ಅವರು ಬಾಯಿ ತೆರೆಯುವ ಮುನ್ನ ನಿಮ್ಮ ಆಯ್ಕೆಯನ್ನು ಗುರುತು ಹಾಕಿಕೊಳ್ಳಿರಿ. ಹಿರಿಯರು ಜೊತೆಯಲ್ಲಿದ್ದರೆ ಇದು ಇನ್ನೂ ಅವಶ್ಯ.

ಸಂದರ್ಭವೆಲ್ಲ ಮೋಸವೆಂದು ತಿಳಿಯಬೇಕಾಗಿಲ್ಲ. ಇದು ಹೊಸ ಅಕ್ಕಿಯೋ, ವರ್ಷ ಕಳೆದ ಹಳೆ ಅಕ್ಕಿಯೋ ಎಂಬ ಮಾಹಿತಿ ದರವನ್ನು ನ್ಯಾಯವಾಗಿಯೇ ಬದಲಿಸುತ್ತದೆ, ಏಕೆಂದರೆ ಹೊಸದರ ಅನ್ನ ಮುದ್ದೆಯಾಗುತ್ತದೆ, ಹಳೆಯದು ಉದುರುದುರಾಗುತ್ತದೆ. ಆದರೂ ಒಮ್ಮೆಲೇ ನಾಲ್ಕು ಚೀಲ ತರದೆ, ಮೆಚ್ಚಿದ ಎರಡು ಮಾದರಿಗಳನ್ನು ಅರ್ಧ ಕಿಲೋದಂತೆ ತಂದು, ಯಾವುದು ಯಾವ ಅಂಗಡಿಯದೆಂದು ಮನೆಯವರಿಗೆ ಹೇಳದೆ ಒಂದೇ ಹೊತ್ತಿಗೆ ಬೇರೆ ಬೇರೆ ಪಾತ್ರೆಯಲ್ಲಿ ಅನ್ನ ಮಾಡಿ ಬಡಿಸಿ, ಅವರು ಎರಡನೆಯ ಸಲ ಕೇಳಿ ಹಾಕಿಸಿಕೊಂಡ ಅನ್ನದ ಚೀಲವನ್ನೇ ತರಿಸಿರಿ.