ಸಿಲಿಕೋನ್ ರಬ್ಬರ್ ಎಷ್ಟ್ ಬೇಕು? ಜೋಳ ಹಾಕಿ ಅಳೀರಿ

ಬೀದರ್‌ದಾಗ ಬಿದರಿ ಎರಕಕ್ಕ ಮಣ್ಣಿನ ಅಚ್ಚೇ ನಡೀತದ, ಇದು ಮಾಡೆಲ್ ಮ್ಯಾಲ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ಮಾಡಿ, ಅದರಾಗ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಇಲ್ಲಾ ರೆಸಿನ್ (ಗಟ್ಟಿ ಆಗೋ ಪ್ಲಾಸ್ಟಿಕ್ ದ್ರವ) ಪೀಸ್ ತೆಗಿಯೋರಿಗೆ ಹೇಳೂದು.

ಮಾಡೆಲ್ ಸುತ್ತ 1 ಸೆಂ.ಮೀ, ಮ್ಯಾಲ 1 ಸೆಂ.ಮೀ ಜಾಗ ಬಿಟ್ಟು ಬಾಕ್ಸ್ ಕಟ್ರಿ. ಮಾಡೆಲ್ 10×8×5 ಸೆಂ.ಮೀ ಇದ್ರ ಬಾಕ್ಸ್ ಒಳಗಿನ ಅಳತಿ 12×10×6, ಅಂದ್ರ 720 ಎಂಎಲ್. ಇದರಾಗ ಮಾಡೆಲ್ ಹಿಡಿಯೋ ಜಾಗ ಕಳೀಬೇಕು. ನೀರಾಗ ಮುಳುಗಿಸಿ ನೋಡಬಹುದು, ಆದ್ರ ಪಿಒಪಿ ನೀರು ಕುಡೀತದ, ಅದಕ್ಕ ನನ್ನ ಕೇಳಿದ್ರ ಜೋಳನೇ ಬೆಸ್ಟ್, ಮನ್ಯಾಗ ಹೆಂಗೂ ಇರ್ತದ. ಮಾಡೆಲ್ ಬಾಕ್ಸ್‌ನ್ಯಾಗ ಇಟ್ಟು ಜೋಳ ಸುರೀರಿ, ಸ್ವಲ್ಪ ತಟ್ರಿ, ಸಂದಿಗೊಂದಿ ತುಂಬಿದ ಮ್ಯಾಲ ಸ್ಕೇಲಿಂದ ಸಮ ಮಾಡಿ ಅಷ್ಟೂ ಜೋಳ ಅಳತಿ ಜಗ್‌ಗೆ ಹಾಕ್ರಿ. 500 ಎಂಎಲ್ ಬಂತಂದ್ರ ಸಿಲಿಕೋನ್ ಸುಮಾರು ಅಷ್ಟೇ ಬೇಕು. ಆಮೇಲೆ ಕಾಳು ಒಂದೂ ಉಳೀದಂಗ ಊದಿ ತೆಗೀರಿ.

ಸಿಲಿಕೋನ್ ತೂಕದ ಮ್ಯಾಲ ಮಾರ್ತಾರ, ಎಂಎಲ್ ಅಂದ್ರ ಗ್ರಾಂ ಅಲ್ಲ. ಡಬ್ಬಿ ಮ್ಯಾಲಿನ ಡೆನ್ಸಿಟಿ (ಒಂದ್ ಎಂಎಲ್‌ಗೆ ಎಷ್ಟ್ ಗ್ರಾಂ ಅಂತ) ನೋಡ್ರಿ, 1.15 ಇದ್ರ 500×1.15 = 575 ಗ್ರಾಂ, ಕಪ್ಪಿಗಿ ಕಡ್ಡಿಗಿ ಅಂಟೂದಕ್ಕ 10% ಸೇರಿಸಿದ್ರ 630ರ ಸುಮಾರು. ಸಿಲಿಕೋನ್ ಗಟ್ಟಿ ಮಾಡೋ ಕ್ಯಾಟಲಿಸ್ಟ್ ಮಾತ್ರ ಅಂದಾಜಿನ್ಯಾಗ ಹಾಕಬ್ಯಾಡ್ರಿ, ಡಬ್ಬಿ ಹೇಳಿದಷ್ಟೇ ತೂಕ ಮಾಡಿ ಹಾಕ್ರಿ. ಕಮ್ಮಿ ಬೀಳ್ತದ ಅನಿಸಿದ್ರ ಅದೇ ಥರದ ಹಳೇ ಸಿಲಿಕೋನ್ ಅಚ್ಚು ಸಣ್ಣಗ ಕತ್ತರಿಸಿ ಮಾಡೆಲ್‌ಗೆ ತಾಗದಂಗ ಅಂಚಿನ ಕಡೆ ಹಾಕಿದ್ರ ನಡೀತದ.