ನ್ಯೂರಂಬರ್ಗ್: 12 ಗಂಟೆಗೆ ಚೌಕದಲ್ಲಿರಿ

ಜರ್ಮನಿಯ ನ್ಯೂರಂಬರ್ಗ್‌ಗೆ ಹೋಗುವವರಿಗೆ ಒಂದು ಸಲಹೆ. ಹಳೇ ಊರು ನೋಡಲು ಗೈಡ್ ಬೇಕಿಲ್ಲ, ಬಸ್ಸೂ ಬೇಡ. ರೈಲು ನಿಲ್ದಾಣದ ಎದುರೇ ಊರಿನ ಹಳೇ ಕೋಟೆಗೋಡೆ. ಒಳಗೆ ಕ್ಯೋನಿಗ್‌ಸ್ಟ್ರಾಸೆ ಬೀದಿ ಹಿಡಿದು ನಡೆದರೆ ಸೇಂಟ್ ಲೊರೆನ್ಜ್ ಚರ್ಚ್. ಆಮೇಲೆ ಪೆಗ್ನಿಟ್ಸ್ ನದಿ ದಾಟಿದರೆ ಹೌಪ್ಟ್‌ಮಾರ್ಕ್ಟ್ ಚೌಕ.

ಇಲ್ಲಿಗೆ ಮಧ್ಯಾಹ್ನ 12ಕ್ಕೆ ಐದು ನಿಮಿಷ ಮೊದಲೇ ಬಂದುಬಿಡಿ. ಫ್ರಾವೆನ್‌ಕಿರ್ಶೆ ಚರ್ಚಿನ 1509ರ ಗಡಿಯಾರದಿಂದ ಏಳು ಗೊಂಬೆಗಳು ಹೊರಬಂದು ಚಕ್ರವರ್ತಿ ನಾಲ್ಕನೇ ಚಾರ್ಲ್ಸ್‌ನ ಗೊಂಬೆಗೆ ಮೂರು ಸುತ್ತು ಹಾಕುತ್ತವೆ. ತಡವಾದರೆ ಮತ್ತೆ ನಾಳೆಯೇ! ಪಕ್ಕದ ಕಾರಂಜಿಯ ಕಬ್ಬಿಣದ ಜಾಲರಿಯಲ್ಲೊಂದು ಬಳೆ ಇದೆ, ತಿರುಗಿಸಿದರೆ ಅದೃಷ್ಟ ಬರುತ್ತದಂತೆ. ಸುಮ್ನೆ ಇರಲಿ, ತಿರುಗಿಸಿ.

ಇದೇ ಚೌಕ 1349ರವರೆಗೆ ಯಹೂದಿಗಳ ಕೇರಿಯಾಗಿತ್ತು. ಅವರನ್ನು ಕೊಂದು, ಮನೆಗಳನ್ನು ಕೆಡವಿ ಈ ಮಾರುಕಟ್ಟೆ ಮಾಡಿದರು. ಚರ್ಚ್ ನಿಂತಿರುವುದೇ ಅವರ ಪ್ರಾರ್ಥನಾ ಮಂದಿರದ ಜಾಗದಲ್ಲಿ. ಫೋಟೋ ತೆಗೆಯುವ ಮುಂಚೆ ಇದೂ ನೆನಪಿರಲಿ.

ಮುಂದೆ ಅರಮನೆ ಕೋಟೆಗೆ ಏರುದಾರಿ, ಕಲ್ಲುಹಾಸು. ಗಟ್ಟಿ ಶೂ ಇರಲಿ. ಹಳೇದೆಂದು ಕಾಣುವ ಎಷ್ಟೋ ಕಟ್ಟಡಗಳು 1945ರ ಜನವರಿ 2ರ ಬಾಂಬ್ ದಾಳಿಯ ನಂತರ ಮತ್ತೆ ಕಟ್ಟಿದವು. ಇಳಿಯುವಾಗ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ಬಾಳಿದ ಮನೆ ಸಿಗುತ್ತದೆ.

ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ನೀರು ತಿಂಡಿ ಮೊದಲೇ ಕೊಂಡಿಟ್ಟುಕೊಳ್ಳಿ.